ಹಾಯಿಕಂಬ ಬೀಳುವುದು ಪಕ್ಕಕ್ಕೆ

ಪ್ರಶ್ನೆ: ನಾನು ತುಮಕೂರಿನ ಕ್ಯಾತ್ಸಂದ್ರದವನು. ಹದಿನೇಳು ಅಡಿ ಉದ್ದದ, ಪುಟ್ಟ ಕ್ಯಾಬಿನ್ ಇರುವ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಟ್ರೈಲರ್ ಸಮೇತ ಗೋವಾದಿಂದ ಕೊಂಡು ತಂದಿದ್ದೇನೆ. ಅದರ ಅಲ್ಯೂಮಿನಿಯಂ ಕಂಬ ಆರು ಮೀಟರ್ ಉದ್ದ. ತಂತಿಗಳೂ ಸೇರಿ ಸುಮಾರು 20 ಕೆ.ಜಿ. ತೂಕ. ಕ್ಯಾಬಿನ್ ಮೇಲೆ ಕಂಬದ ಬುಡವನ್ನು ಹಿಡಿಯುವ ಟ್ಯಾಬರ್‌ನ್ಯಾಕಲ್ ಇದೆ, ಕಂಬ ಹಿಂದಕ್ಕೆ ಮಲಗುತ್ತದೆ. ಮನೆಯಂಗಳದ ತೆಂಗಿನಮರಕ್ಕೆ ರಾಟೆ ಕಟ್ಟಿ ನಾನೂ ನನ್ನ ತಮ್ಮನೂ ಎಳೆದೆವು. ಅರ್ಧದಷ್ಟು ಎದ್ದ ಕಂಬ ಇದ್ದಕ್ಕಿದ್ದಂತೆ ಎಡಕ್ಕೆ ವಾಲಿ, ಟ್ಯಾಬರ್‌ನ್ಯಾಕಲಿನ ಒಂದು ತಟ್ಟೆ ಬಾಗಿತು. ಎಲೆಕ್ಟ್ರಿಕ್ ವಿಂಚ್ ಹಾಕಿಸಿದರೆ ಸರಿಹೋಗುತ್ತದೆಯೇ? ಮುಂದೆ ಒಬ್ಬನೇ ಎತ್ತಿಳಿಸುವಂತೆ ಮಾಡಿಕೊಳ್ಳಬಹುದೇ? ಚಿತ್ರಗಳನ್ನೂ ಅಳತೆಗಳನ್ನೂ ಜೊತೆಗಿರಿಸಿದ್ದೇನೆ.

ಉತ್ತರ: ನಿಮ್ಮ ಚಿತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗೇಟಿನ ಮೇಲೆ ಹಾದುಹೋಗಿರುವ ವಿದ್ಯುತ್ ತಂತಿ. ಆದ್ದರಿಂದ ಬಾಗಿದ ತಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ರಸ್ತೆಯನ್ನು ಅಡ್ಡ ದಾಟುವ 11 ಕೆ.ವಿ. ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು ಎಂದು ನಿಯಮ ಹೇಳುತ್ತದೆ. ರಸ್ತೆ ಬಿಟ್ಟು ಹೊಲಗಳ ಮೇಲೆ ಹಾಯುವ ಬರಿತಂತಿಗೆ 4.6 ಮೀಟರ್ ಇದ್ದರೂ ಸಾಕು. ನಮ್ಮ ಕಡೆ ಕೆರೆಯಂಚಿಗೆ ಹೋಗುವ ಬಹುತೇಕ ದಾರಿಗಳ ಮೇಲೆ ಪಂಪ್‌ಸೆಟ್‌ಗಳಿಗೆಂದು ಎಳೆದ ತಂತಿಗಳಿವೆ, ಬೇಸಿಗೆಯಲ್ಲಿ ಅವು ಇನ್ನೂ ಜೋತುಬೀಳುತ್ತವೆ. ಟ್ರೈಲರ್ ಮೇಲಿರುವ ನಿಮ್ಮ ದೋಣಿಯಲ್ಲಿ ಕಂಬದ ಬುಡವೇ ನೆಲದಿಂದ ಸುಮಾರು 1.9 ಮೀಟರ್ ಮೇಲಿದೆ. ಅದಕ್ಕೆ ಆರು ಸೇರಿಸಿದರೆ ಕಂಬದ ತುದಿ ಎಂಟು ಮೀಟರ್ ಹತ್ತಿರ ಹೋಗುತ್ತದೆ. ಲೋಹದ ಕಂಬ, ಲೋಹದ ತಂತಿಗಳು, ಅವನ್ನು ಹಿಡಿದುಕೊಂಡಿರುವ ಮನುಷ್ಯ. 11 ಕೆ.ವಿ. ತಂತಿಯನ್ನು ತಾಗಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಕಿಡಿ ಹಾರಬಹುದು. ಕಂಬ ಯಾವ ದಿಕ್ಕಿಗೂ ಬೀಳಬಲ್ಲದು ಎಂದು ಎಣಿಸಿ, ಎತ್ತರದ ಒಂದೂವರೆ ಪಟ್ಟು, ಎಂದರೆ ಸುತ್ತಲೂ 12 ಮೀಟರ್‌ನೊಳಗೆ ಯಾವ ತಂತಿಯೂ ಇಲ್ಲದ ಜಾಗದಲ್ಲಿ ಮಾತ್ರ ಎತ್ತಿ. ನಿಮ್ಮ ಅಂಗಳ ಅಂಥ ಜಾಗವಲ್ಲ. ಎತ್ತಿದ ಕಂಬದೊಂದಿಗೆ ಟ್ರೈಲರನ್ನು ಹತ್ತು ಹೆಜ್ಜೆಯೂ ಎಳೆಯಬೇಡಿ.

ಇನ್ನು ವಿಂಚ್. ಬೇಡ. ನಿಮ್ಮ ಕಂಬ ಬಿದ್ದದ್ದು ಎಳೆಯುವ ಶಕ್ತಿ ಸಾಲದೆ ಅಲ್ಲ. ಇಬ್ಬರು ಎಳೆದು ಅರ್ಧದವರೆಗೆ ತಂದಿದ್ದೀರಿ, ಭಾರದ ಹೆಚ್ಚಿನ ಪಾಲು ಅಲ್ಲಿಗೆ ಮುಗಿದಿತ್ತು. ಎತ್ತುವ ಕೆಲಸ ಸುಲಭದ್ದು. ಎತ್ತುವಾಗ ಕಂಬ ಪಕ್ಕಕ್ಕೆ ಹೋಗದಂತೆ ನೋಡಿಕೊಳ್ಳುವುದೇ ಇಡೀ ವಿದ್ಯೆ, ಅದನ್ನು ಯಾವ ವಿಂಚೂ ಮಾಡುವುದಿಲ್ಲ. ತಂತಿಯೊಂದು ಎಲ್ಲಾದರೂ ಸಿಕ್ಕಿಕೊಂಡರೆ ಕೈಗೆ ತಕ್ಷಣ ತಿಳಿಯುತ್ತದೆ. ಮೋಟಾರಿಗೆ ತಿಳಿಯುವುದು ಏನಾದರೂ ಮುರಿದ ಮೇಲೆ.

ಏಕೆ ವಾಲಿತು ಎಂಬುದನ್ನು ನಿಮ್ಮ ಅಳತೆಗಳೇ ಹೇಳುತ್ತವೆ. ಟ್ಯಾಬರ್‌ನ್ಯಾಕಲ್ ಎಂದರೆ ಡೆಕ್ಕಿಗೆ ಬಿಗಿದ ಎರಡು ನಿಂತ ತಟ್ಟೆಗಳು, ಅವುಗಳ ನಡುವೆ ಕಂಬದ ಬುಡ, ಎಲ್ಲವನ್ನೂ ಹಾಯ್ದುಹೋಗುವ ಒಂದು ಅಡ್ಡ ಬೋಲ್ಟು. ಕಂಬ ಆ ಬೋಲ್ಟಿನ ಸುತ್ತ ತಿರುಗುತ್ತದೆ. ಶ್ರೌಡ್ ಎಂದು ಕರೆಯುವ ಪಕ್ಕದ ತಂತಿಗಳು ಕಂಬದ ತುದಿಯಿಂದ ಇಳಿದು, ತಂತಿ ಸಿಕ್ಕಿಸಲೆಂದು ದೋಣಿಗೆ ಬಿಗಿದ ಲೋಹದ ಪಟ್ಟಿಗಳಾದ ಎರಡೂ ಬದಿಯ ಚೈನ್‌ಪ್ಲೇಟುಗಳಿಗೆ ಸೇರುತ್ತವೆ. ನಿಮ್ಮ ದೋಣಿಯಲ್ಲಿ ಚೈನ್‌ಪ್ಲೇಟು ಬೋಲ್ಟಿಗಿಂತ 30 ಸೆಂ.ಮೀ. ಹಿಂದೆ, 40 ಸೆಂ.ಮೀ. ಕೆಳಗೆ, ನಡುಗೆರೆಯಿಂದ 90 ಸೆಂ.ಮೀ. ಹೊರಗೆ ಇದೆ. ಕಂಬ ನೆಟ್ಟಗಿದ್ದಾಗ ತುದಿಯಿಂದ ಚೈನ್‌ಪ್ಲೇಟಿಗೆ ಇರುವ ದೂರ 6.47 ಮೀಟರ್, ತಂತಿಯ ಉದ್ದವೂ ಅಷ್ಟೇ. ಕಂಬ ಹಿಂದಕ್ಕೆ ಪೂರ್ತಿ ಮಲಗಿದಾಗ ಆ ದೂರ 5.78 ಮೀಟರಿಗೆ ಇಳಿಯುತ್ತದೆ. ತಂತಿ ಮಾತ್ರ ಹಾಗೆಯೇ ಇರುತ್ತದೆ. ಎಂದರೆ 69 ಸೆಂ.ಮೀ. ಸಡಿಲ. 45 ಡಿಗ್ರಿಯಲ್ಲಿ, ನಿಮ್ಮ ಕಂಬ ವಾಲಿದ ಹಂತದಲ್ಲಿ, 31 ಸೆಂ.ಮೀ. ಸಡಿಲ.

ಮೂವತ್ತೊಂದು ಸೆಂಟಿಮೀಟರ್ ಅಷ್ಟೇನೂ ಅಲ್ಲ ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಆ ಸಡಿಲು ಮುಗಿದು ತಂತಿ ಬಿಗಿಯಾಗುವ ಹೊತ್ತಿಗೆ ಕಂಬದ ತುದಿ ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿಯವರೆಗೆ ಅದನ್ನು ತಡೆಯುತ್ತಿರುವುದು ಆ ಎರಡು ತಟ್ಟೆಗಳು ಮಾತ್ರ. ತುದಿಯಲ್ಲಿ ಬರೀ ಐದು ಕೆ.ಜಿ. ಪಕ್ಕದ ಒತ್ತಡ ಬಿದ್ದರೆ ಬುಡದಲ್ಲಿ ಅದು 30 ಕೆ.ಜಿ.-ಮೀಟರಿನ ತಿರುಚುಬಲ. ತಟ್ಟೆಗಳ ಅಡಿಭಾಗ 20 ಸೆಂ.ಮೀ. ಅಗಲವಿದ್ದರೆ ಒಂದು ಬದಿಯ ಬೋಲ್ಟುಗಳನ್ನು 150 ಕೆ.ಜಿ. ಬಲ ಡೆಕ್ಕಿನಿಂದ ಕೀಳುತ್ತಿರುತ್ತದೆ. ತಟ್ಟೆ ಬಾಗದೆ ಇನ್ನೇನು ಮಾಡೀತು?

ಹಾಗಾದರೆ ಚೈನ್‌ಪ್ಲೇಟನ್ನೇ ಮುಂದಕ್ಕೆ ಸರಿಸಬಹುದಲ್ಲ ಎಂದು ವರ್ಕ್‌ಶಾಪಿನವರು ಹೇಳಿಯಾರು. ಒಪ್ಪಬೇಡಿ. ನಿಮ್ಮ ದೋಣಿಯ ಕಂಬಕ್ಕೆ ಹಿಂದಿನಿಂದ ಹಿಡಿಯುವ ತಂತಿಯೇ ಇಲ್ಲ. ಗಾಳಿ ಹಿಂದಿನಿಂದ ಬೀಸುವಾಗ ಕಂಬ ಮುಂದಕ್ಕೆ ಮುರಿದುಬೀಳದಂತೆ ಹಿಡಿಯಲೆಂದೇ ತಯಾರಕರು ಶ್ರೌಡ್‌ಗಳ ಬುಡವನ್ನು ಒಂದಿಷ್ಟು ಹಿಂದಕ್ಕೆ ಇಟ್ಟಿದ್ದಾರೆ. ಹಾಯಿ ಓಡಿಸಲು ಅದು ಸರಿಯಾದ ಜಾಗ, ಕಂಬ ಇಳಿಸಲು ತಪ್ಪು ಜಾಗ. ಎರಡೂ ಕೆಲಸಕ್ಕೆ ಒಂದೇ ತಂತಿ ಒದಗುವುದಿಲ್ಲ ಎಂದು ಒಪ್ಪಿಕೊಂಡು, ಎತ್ತಿಳಿಸಲೆಂದೇ ಬೇರೆ ಹಗ್ಗಗಳನ್ನು ಮಾಡಿಕೊಳ್ಳಬೇಕು.

ಟ್ಯಾಬರ್‌ನ್ಯಾಕಲ್ ಇದ್ದರೆ ಸಾಕು, ಕಂಬ ತಾನಾಗಿ ನೆಟ್ಟಗೆ ಏಳುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಇಂಗ್ಲೆಂಡಿನ ನಾರ್ಫಕ್ ಸೀಮೆಯ ಒಳನಾಡಿನ ನದಿಗಳಲ್ಲಿ ಸರಕು ಸಾಗಿಸುತ್ತಿದ್ದ ವೆರಿ ಎಂಬ ದೋಣಿಗಳಿದ್ದವು. 1898ರ ಆಲ್ಬಿಯನ್, 1899ರ ಮಾಡ್ ಎಂಬ ಎರಡು ಇಂದಿಗೂ ಉಳಿದಿವೆ. ತಗ್ಗಾದ ಕಲ್ಲುಸೇತುವೆಗಳ ಕೆಳಗೆ ನುಸುಳಲು ಅವು ತಮ್ಮ ದಪ್ಪ ಕಂಬವನ್ನು ಮಲಗಿಸಿ, ದಾಟಿದ ಮೇಲೆ ಮತ್ತೆ ಎಬ್ಬಿಸುತ್ತಿದ್ದವು. ಕಂಬದ ಬುಡಕ್ಕೆ ಸೀಸದ ಭಾರಿ ತೂಕ. ನಮ್ಮ ಹಳೆಯ ಬಾವಿಗಳ ಏತದಲ್ಲಿ ಹಿಂಬದಿಗೆ ಕಟ್ಟಿದ ಕಲ್ಲು ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತಿತ್ತು. ವೆರಿಯ ಕಂಬಕ್ಕೆ ಪಕ್ಕದ ತಂತಿಗಳೇ ಇರಲಿಲ್ಲ, ಮುಂದೆ ಒಂದು ತಂತಿ ಅಷ್ಟೇ. ಆದರೆ ಅದರ ಟ್ಯಾಬರ್‌ನ್ಯಾಕಲ್ ದೋಣಿಯ ಒಡಲಿನೊಳಕ್ಕೆ ಇಳಿದ ದಪ್ಪ ಮರದ ಗೂಡು. ಪಕ್ಕದ ಒತ್ತಡವನ್ನೆಲ್ಲ ಅದೇ ಹೊರುತ್ತಿತ್ತು. ಕ್ಯಾಬಿನ್ನಿನ ತೆಳು ಫೈಬರ್ ಚಾವಣಿಗೆ ನಾಲ್ಕಾರು ಬೋಲ್ಟುಗಳಲ್ಲಿ ಕೂತಿರುವ ನಿಮ್ಮ ತಟ್ಟೆಗಳಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಅವು ಬರೀ ಬಾಗಿಲಿನ ತಿರುಗಣಿ.

ಈಗ ಆ ಬೇರೆ ಹಗ್ಗಗಳ ವಿಷಯ. ಕಂಬದ ಮೇಲೆ ಬುಡದಿಂದ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿ ಎರಡೂ ಬದಿಗೆ ಒಂದೊಂದು ಗಟ್ಟಿ ಕಣ್ಣು, ಎಂದರೆ ಹಗ್ಗ ಕಟ್ಟುವ ಲೋಹದ ಕುಣಿಕೆ, ಹಾಕಿಸಿ. ಅಲ್ಲಿಂದ ಒಂದೊಂದು ಹಗ್ಗ ಇಳಿದು ಒಂದೊಂದು ಸ್ಟೀಲ್ ಉಂಗುರಕ್ಕೆ ಸೇರಲಿ. ಇಡೀ ಗುಟ್ಟು ಆ ಉಂಗುರ ಎಲ್ಲಿರುತ್ತದೆ ಎಂಬುದರಲ್ಲಿದೆ. ಟ್ಯಾಬರ್‌ನ್ಯಾಕಲಿನ ಬೋಲ್ಟನ್ನು ಎಡಕ್ಕೂ ಬಲಕ್ಕೂ ದೋಣಿಯ ಅಂಚಿನವರೆಗೆ ಉದ್ದವಾಗಿ ಎಳೆದಂತೆ ಕಲ್ಪಿಸಿಕೊಳ್ಳಿ. ಉಂಗುರಗಳು ಆ ಗೆರೆಯ ಮೇಲೆಯೇ ಇರಬೇಕು. ಆ ಗೆರೆಯ ಮೇಲಿರುವ ಯಾವ ಬಿಂದುವಿನಿಂದಲೂ ಕಂಬದ ಕಣ್ಣಿಗಿರುವ ದೂರ ಕಂಬ ಮಲಗಲಿ ಏಳಲಿ ಬದಲಾಗುವುದಿಲ್ಲ, ಆದ್ದರಿಂದ ಹಗ್ಗ ಮೊದಲಿನಿಂದ ಕೊನೆಯವರೆಗೂ ಬಿಗಿಯಾಗಿರುತ್ತದೆ. ಉಂಗುರವನ್ನು ಅಲ್ಲಿ ನಿಲ್ಲಿಸಲು ಅದರಿಂದ ಒಂದು ಗಿಡ್ಡ ಹಗ್ಗ ಚೈನ್‌ಪ್ಲೇಟಿಗೆ, ಇನ್ನೊಂದು ಮುಂದಿನ ಕ್ಲೀಟಿಗೆ, ಎಂದರೆ ಹಗ್ಗ ಸುತ್ತಿ ಕಟ್ಟುವ ಕೊಂಬಿಗೆ, ಹೋಗಬೇಕು. ಇನ್ನೂ ಗಟ್ಟಿ ಬೇಕೆಂದರೆ ಚೈನ್‌ಪ್ಲೇಟಿನ ಮುಂದೆ 40 ಸೆಂ.ಮೀ. ಎತ್ತರದ ಸ್ಟೀಲ್ ಗೂಟವೊಂದನ್ನು ಡೆಕ್ಕಿಗೆ ಬಿಗಿದು ಅದರ ತಲೆಗೆ ಉಂಗುರ ಹಾಕಿಸಬಹುದು. ನನಗೆ ಗೂಟವೇ ಇಷ್ಟ: ಹಗ್ಗದಲ್ಲಿ ತೂಗುವ ಉಂಗುರ ಒತ್ತಡದ ದಿಕ್ಕು ಬದಲಾದಂತೆ ಸ್ವಲ್ಪ ಅಲುಗುತ್ತದೆ, ಗೂಟ ಅಲುಗುವುದಿಲ್ಲ. ಜಾಗ ಸರಿಯಿದೆಯೇ ಎಂದು ನೋಡಲು ದೋಣಿಯ ಪಕ್ಕದಲ್ಲಿ ನಿಂತು ಉಂಗುರದೊಳಗಿಂದ ಇಣುಕಿ. ಬೋಲ್ಟಿನ ತಲೆ ಅದರ ನಟ್ಟನಡುವೆ ಕಾಣಬೇಕು. ಎರಡು ಬೆರಳಿನಷ್ಟು ಆಚೀಚೆ ಆದರೂ ಕೆಲಸ ನಡೆಯುತ್ತದೆ, ಒಂದು ಗೇಣು ಆದರೆ ನಡೆಯದು.

ಹಗ್ಗ ಪಾಲಿಯೆಸ್ಟರ್ ಇರಲಿ. ನೈಲಾನ್ ಹಿಗ್ಗುತ್ತದೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಹಳದಿ ಪ್ಲಾಸ್ಟಿಕ್ ಹಗ್ಗವನ್ನು ನಮ್ಮ ಬಿಸಿಲು ತಿಂದುಹಾಕುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪುಡಿಯಾಗಿರುತ್ತದೆ.

ಪಕ್ಕದ ಕಾಟ ತೀರಿತು, ಇನ್ನು ಎತ್ತುವುದು. ಕಂಬ ಹಿಂದಕ್ಕೆ ಪೂರ್ತಿ ಮಲಗಿರುವಾಗ ದೋಣಿಯ ಮುಂತುದಿಯಿಂದ ಕಂಬದ ತುದಿಗೆ ಹಗ್ಗ ಕಟ್ಟಿ ಎಳೆದರೆ ಏನಾಗುತ್ತದೆ? ಮುಂತುದಿ, ಬೋಲ್ಟು, ಕಂಬದ ತುದಿ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಎಳೆದಷ್ಟೂ ಕಂಬ ತನ್ನ ಬುಡಕ್ಕೆ ಒತ್ತಿಕೊಳ್ಳುತ್ತದೆ, ಏಳುವುದಿಲ್ಲ. ಮುಂತುದಿ ಬೋಲ್ಟಿಗಿಂತ ಕೆಳಗಿದ್ದರೆ, ಕ್ಯಾಬಿನ್ ದೋಣಿಗಳಲ್ಲಿ ಅದು ಸಾಮಾನ್ಯ, ಹಗ್ಗ ಕಂಬವನ್ನು ಇನ್ನೂ ಕೆಳಕ್ಕೇ ಎಳೆಯುತ್ತದೆ. ನೀವು ತೆಂಗಿನಮರದ ಮೇಲೆ ರಾಟೆ ಕಟ್ಟಿದ್ದು ಈ ಲೆಕ್ಕದಲ್ಲಿ ಜಾಣತನವೇ. ಎತ್ತರದಿಂದ ಎಳೆದಾಗ ಕೋನ ಸಿಗುತ್ತದೆ. ಆದರೆ ಮರ ದೋಣಿಯ ನಡುಗೆರೆಗೆ ಸರಿಯಾಗಿ ಎದುರಿಗೆ ಇರಬೇಕು, ಇಲ್ಲದಿದ್ದರೆ ಪ್ರತಿ ಎಳೆತವೂ ಪಕ್ಕಕ್ಕೊಂದು ಪಾಲು ಕೊಡುತ್ತದೆ. ಮೇಲಾಗಿ ಮರ ಕೆರೆಯವರೆಗೆ ನಿಮ್ಮ ಜೊತೆ ಬರುವುದಿಲ್ಲ.

ಆ ಕೆಲಸಕ್ಕೆ ಇರುವುದು ಜಿನ್ ಪೋಲ್ ಎಂಬ ಎತ್ತುಗೋಲು. ಕಂಬದ ಬುಡದ ಮುಂಭಾಗದಿಂದ, ಕಂಬಕ್ಕೆ ಲಂಬವಾಗಿ ಚಾಚುವ ಒಂದು ಪೈಪು. ಕಂಬ ಮಲಗಿದ್ದಾಗ ಅದು ಆಕಾಶ ನೋಡುತ್ತಿರುತ್ತದೆ, ಕಂಬ ಎದ್ದಾಗ ಮುಂದಕ್ಕೆ ಚಾಚಿರುತ್ತದೆ. ಅದರ ತುದಿಯಿಂದ ಒಂದು ಹಗ್ಗ ಕಂಬದ ತುದಿಗೆ, ರಾಟೆಗಳ ಜೋಡಿ ಮುಂತುದಿಯ ಉಂಗುರಕ್ಕೆ. ನಿಮ್ಮ ದೋಣಿಯಲ್ಲಿ ಬೋಲ್ಟಿನಿಂದ ಮುಂತುದಿಗೆ ಎರಡು ಮೀಟರ್. ಎತ್ತುಗೋಲು ಒಂದೂವರೆ ಮೀಟರ್ ಇರಲಿ. ಕಂಬದ ತೂಕದ ಕೇಂದ್ರ ಸುಮಾರು ನಡುವೆ, ಮೂರು ಮೀಟರ್ ದೂರದಲ್ಲಿದೆ ಎಂದರೆ ಎತ್ತಬೇಕಾದ್ದು 60 ಕೆ.ಜಿ.-ಮೀಟರ್. ಮುಂತುದಿಯೂ ಬೋಲ್ಟೂ ಒಂದೇ ಮಟ್ಟದಲ್ಲಿವೆ ಎಂದಿಟ್ಟುಕೊಂಡರೆ ಒಂದೂವರೆ, ಎರಡು, ಎರಡೂವರೆಯ ತ್ರಿಕೋನ ಸಿಗುತ್ತದೆ. ಬೋಲ್ಟಿನಿಂದ ರಾಟೆಯ ಹಗ್ಗಕ್ಕಿರುವ ಲಂಬದೂರ 1.2 ಮೀಟರ್. ಎಂದರೆ ಆರಂಭದಲ್ಲಿ ಎಳೆಯಬೇಕಾದ್ದು 50 ಕೆ.ಜಿ. ನಾಲ್ಕು ಹಗ್ಗದ ರಾಟೆ ಹಾಕಿದರೆ ಕೈಗೆ ಬರುವುದು ಹನ್ನೆರಡೂವರೆ. ಘರ್ಷಣೆ ಸೇರಿಸಿ 15ರಿಂದ 18 ಕೆ.ಜಿ. ಅಷ್ಟಕ್ಕೇ ವಿಂಚ್ ಕೇಳಿದಿರಲ್ಲ! ಮುಂದೆ ಹೋದಂತೆ ಅದೂ ಇಳಿಯುತ್ತದೆ. ಕಂಬ 45 ಡಿಗ್ರಿಗೆ ಬಂದಾಗ ಒಟ್ಟು ಎಳೆತ 28 ಕೆ.ಜಿ., 60 ಡಿಗ್ರಿಯಲ್ಲಿ 20ರ ಆಸುಪಾಸು. ನಿಮ್ಮ ಮುಂತುದಿ ಬೋಲ್ಟಿಗಿಂತ ತಗ್ಗಿನಲ್ಲಿದ್ದರೆ ಆರಂಭದಲ್ಲಿ ಐದಾರು ಕೆ.ಜಿ. ಹೆಚ್ಚು ಬೀಳಬಹುದು, ಅಷ್ಟೇ.

ಕೋಲು ಉದ್ದವಾದಷ್ಟೂ ಒಳ್ಳೆಯದಲ್ಲವೇ ಎಂದರೆ, ಬುಡದಿಂದ ಮುಂತುದಿಗೆ ಇರುವ ದೂರಕ್ಕಿಂತ ಉದ್ದವಾಗಬಾರದು. ಉದ್ದವಾದರೆ ಕೊನೆಯಲ್ಲಿ ಅದರ ಮೂತಿ ಮುಂತುದಿಯನ್ನು ದಾಟಿ ರಾಟೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬೂಮನ್ನೇ, ಎಂದರೆ ಹಾಯಿಯ ಕೆಳಅಂಚನ್ನು ಹಿಡಿಯುವ ಅಡ್ಡಗೋಲನ್ನೇ, ಎತ್ತುಗೋಲಾಗಿ ಬಳಸುವ ರೂಢಿ ಹಲವರಲ್ಲಿದೆ. ನಿಮ್ಮ ಬೂಮು ಎರಡು ಮೀಟರಿಗಿಂತ ಉದ್ದವಿದೆ, ಅದರ ಕೀಲೂ ಕಂಬದ ಹಿಂಬದಿಯಲ್ಲಿದೆ. ಬೇರೆ ಪೈಪೇ ಲೇಸು. ಅಂತರಸನಹಳ್ಳಿಯ ಯಾವ ಲೇತ್ ವರ್ಕ್‌ಶಾಪಿನಲ್ಲೂ 40 ಮಿ.ಮೀ. ಪೈಪಿಗೆ ಒಂದು ಕವಲು ಬೆಸೆದು ಕೊಡುತ್ತಾರೆ. ಎತ್ತುಗೋಲೂ ಪಕ್ಕಕ್ಕೆ ಮಗುಚಬಲ್ಲದು. ಅದರ ತುದಿಯಿಂದಲೂ ಎರಡು ಹಗ್ಗಗಳು ಅದೇ ಉಂಗುರಗಳಿಗೆ ಹೋಗಬೇಕು. ಉಂಗುರಗಳು ಬೋಲ್ಟಿನ ಗೆರೆಯಲ್ಲೇ ಇರುವುದರಿಂದ ಅವೂ ಸಡಿಲಾಗುವುದಿಲ್ಲ. ರಾಟೆಯ ಹಗ್ಗ ಒಟ್ಟು ಎಂಟು ಮೀಟರ್ ಹೊರಗೆ ಬರುತ್ತದೆ, ಆದ್ದರಿಂದ ಹದಿನಾಲ್ಕು ಹದಿನೈದು ಮೀಟರಿನ ಒಂದೇ ತುಂಡು ಕೊಳ್ಳಿ. ಆರು ಮಿ.ಮೀ. ಹಗ್ಗ ಭಾರ ತಡೆಯುತ್ತದೆ, ಕೈ ತಡೆಯುವುದಿಲ್ಲ. ಹತ್ತು ಮಿ.ಮೀ. ಇರಲಿ.

ಬಾಗಿದ ತಟ್ಟೆಯನ್ನು ಬಡಿದು ನೆಟ್ಟಗೆ ಮಾಡಿಸಬೇಡಿ, ಹೊಸದನ್ನೇ ಮಾಡಿಸಿ. ಹಳೆಯದನ್ನು ಬಿಚ್ಚಿದಾಗ ಬೋಲ್ಟಿನ ತೂತುಗಳ ಸುತ್ತ ಫೈಬರಿನಲ್ಲಿ ಕೂದಲೆಳೆಯ ಬಿರುಕುಗಳಿವೆಯೇ ನೋಡಿ. ಚಾವಣಿಯ ಒಳಬದಿಗೆ ಅಗಲವಾದ ಲೋಹದ ಪಟ್ಟಿ ಇಲ್ಲದಿದ್ದರೆ ಹಾಕಿಸಿ. ಇನ್ನೊಂದು ಸಂಗತಿಯನ್ನು ವರ್ಕ್‌ಶಾಪಿನವರಿಗೆ ಬಿಡಿಸಿ ಹೇಳಬೇಕು, ಏಕೆಂದರೆ ಅವರು ತಮ್ಮ ಬುದ್ಧಿಗೆ ತೋಚಿದಂತೆ ತೂತನ್ನು ದುಂಡಗೆ, ಬಿಗಿಯಾಗಿ ಕೊರೆಯುತ್ತಾರೆ. ಬೋಲ್ಟು ಹಾಯುವ ತೂತು ಮೇಲೆ ಕೆಳಗೆ ಒಂದಿಷ್ಟು ಉದ್ದವಾಗಿ, ಮೊಟ್ಟೆಯಾಕಾರದಲ್ಲಿರಬೇಕು. ಕಂಬ ನೆಟ್ಟಗೆ ನಿಂತು ತಂತಿಗಳು ಬಿಗಿಯಾದ ಮೇಲೆ ಅದರ ಪಾದ ಅಡಿತಟ್ಟೆಯ ಮೇಲೆ ಪೂರ್ತಿ ಊರಬೇಕು. ತೂತು ಬಿಗಿಯಾಗಿದ್ದರೆ ಪಾದ ಗಾಳಿಯಲ್ಲಿ ನಿಂತು, ಹಾಯಿಯ ಭಾರವೆಲ್ಲ ಆ ಒಂದು ಬೋಲ್ಟಿನ ಮೇಲೆ ಬೀಳುತ್ತದೆ. ಸ್ಟೇನ್‌ಲೆಸ್ ಬೋಲ್ಟೂ ಅಲ್ಯೂಮಿನಿಯಂ ಕಂಬವೂ ನೇರವಾಗಿ ತಾಗದಂತೆ ನಡುವೆ ನೈಲಾನ್ ವಾಷರ್ ಇರಲಿ. ಕೆರೆಯಲ್ಲಿ ಇದು ದೊಡ್ಡ ತೊಂದರೆಯಲ್ಲ, ಸಮುದ್ರಕ್ಕೆ ಇಳಿಸಿದ ದಿನದಿಂದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರತೊಡಗುತ್ತದೆ.

ಎತ್ತುವ ದಿನ ಟ್ರೈಲರನ್ನು ವಾಹನದ ಕೊಕ್ಕೆಗೆ ಸಿಕ್ಕಿಸಿಯೇ ಇಡಿ, ಗಾಲಿಗಳಿಗೆ ಕಲ್ಲು ಕೊಡಿ, ಹಿಂಭಾಗಕ್ಕೆ ಆನಿಕೆ ಕೊಡಿ. ಇಲ್ಲದಿದ್ದರೆ ನೀವು ಹಿಂದೆ ಹತ್ತಿದೊಡನೆ ದೋಣಿ ಬಾಲ ಬಡಿಯುತ್ತದೆ. ಗಾರೆ ಕೆಲಸದವರ ರಸಮಟ್ಟವನ್ನು ಡೆಕ್ಕಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿ. ಕೆರೆ ಏರಿಯ ಇಳಿಜಾರಿನಲ್ಲಿ ದೋಣಿ ಮೂರೇ ಡಿಗ್ರಿ ವಾಲಿದ್ದರೂ ಕಂಬದ ತುದಿ ನಡುಗೆರೆಯಿಂದ 31 ಸೆಂ.ಮೀ. ಆಚೆ ಇರುತ್ತದೆ, ಆ ತೂಕ ಸದಾ ಒಂದೇ ಬದಿಗೆ ಜಗ್ಗುತ್ತಿರುತ್ತದೆ. ಗಾಳಿ ಇದ್ದರೆ ದೋಣಿಯ ಮುಖ ಗಾಳಿಗೆ ಎದುರಾಗಿರಲಿ. ಆಷಾಢದ ಗಾಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕದಿದ್ದರೆ ಇನ್ನೂ ಮೇಲು; ಬೆಳಿಗ್ಗೆ ಎಂಟಕ್ಕೆ ಮುಂಚೆ ಸಾಮಾನ್ಯವಾಗಿ ಸುಮ್ಮನಿರುತ್ತದೆ. ದೋಣಿಯ ಹಿಂತುದಿಯಲ್ಲಿ ಒಂದು ಕವೆಗೋಲು ನಿಲ್ಲಿಸಿ, ಮಲಗಿದ ಕಂಬ ಅದರ ಮೇಲೆ ಒರಗಲಿ.

ಎಳೆಯುವಾಗ ಮೂರು ಬಾರಿ ನಿಲ್ಲಿಸಿ, ಹಗ್ಗವನ್ನು ಕ್ಲೀಟಿಗೆ ಸುತ್ತಿ, ಸುತ್ತ ನೋಡಿ. ಕವೆಯಿಂದ ಒಂದು ಅಡಿ ಎದ್ದಾಗ ಒಮ್ಮೆ, ಅರ್ಧದಲ್ಲಿ ಒಮ್ಮೆ, ಇನ್ನೇನು ನಿಲ್ಲಬೇಕು ಎನ್ನುವಾಗ ಒಮ್ಮೆ. ನೋಡಬೇಕಾದ್ದು ಮುಖ್ಯವಾಗಿ, ತಂತಿ ಬಿಗಿಮಾಡುವ ತಿರುಪುಗಳಾದ ಶ್ರೌಡ್‌ಗಳ ಬುಡದ ಟರ್ನ್‌ಬಕಲ್‌ಗಳನ್ನು. ಸಡಿಲಿದ್ದ ತಂತಿ ಬಿಗಿಯಾಗುತ್ತ ಬರುವಾಗ ಅವು ಮಡಿಸಿಕೊಂಡು ಅಡ್ಡ ನಿಲ್ಲುತ್ತವೆ. ಯಾರೂ ಗಮನಿಸದೆ ಎಳೆದರೆ ತಿರುಪು ಅಲ್ಲೇ ಬಾಗುತ್ತದೆ. ಅಂದು ಮುರಿಯದೆ, ಮುಂದೊಂದು ದಿನ ನೀರಿನ ನಡುವೆ ಮುರಿಯುತ್ತದೆ. ಕಂಬ ನೆಟ್ಟಗಾದ ಮೇಲೆ ಫೋರ್‌ಸ್ಟೇ, ಎಂದರೆ ಮುಂದಿನ ತಂತಿ, ತನ್ನ ಕೊಂಡಿಗೆ ಸೇರಿ ಪಿನ್ನು ಬೀಳುವವರೆಗೆ ರಾಟೆಯ ಹಗ್ಗವನ್ನು ಬಿಚ್ಚಬೇಡಿ.

ಅವಘಡಗಳು ಹೆಚ್ಚಾಗಿ ಇಳಿಸುವಾಗಲೇ ನಡೆಯುತ್ತವೆ. ಎತ್ತುವಾಗ ಭಾರ ಮೊದಲು ಹೆಚ್ಚು, ಆಮೇಲೆ ಕಡಿಮೆ. ಮನುಷ್ಯ ಎಚ್ಚರದಿಂದ ಆರಂಭಿಸುತ್ತಾನೆ. ಇಳಿಸುವಾಗ ಮೊದಲು ಕಂಬವನ್ನು ಕೈಯಿಂದ ಹಿಂದಕ್ಕೆ ತಳ್ಳಬೇಕಾಗುತ್ತದೆ, ಅಷ್ಟು ಹಗುರ. ಹಗ್ಗ ಹಿಡಿದವನು ಸಡಿಲಾಗುತ್ತಾನೆ, ಕೆಳಗಿರುವವರೊಡನೆ ಮಾತಿಗಿಳಿಯುತ್ತಾನೆ. ಪ್ರತಿ ಡಿಗ್ರಿಗೂ ಭಾರ ಏರುತ್ತ ಹೋಗಿ, ಕವೆಗೆ ತಾಗುವ ಸ್ವಲ್ಪ ಮುಂಚೆ ಅದು ಅತಿ ಹೆಚ್ಚು. ಹಗ್ಗವನ್ನು ಬರಿಗೈಯಲ್ಲಿ ಬಿಡದೆ ಕ್ಲೀಟಿಗೆ ಒಂದು ಸುತ್ತು ಹಾಕಿಯೇ ಬಿಡಿ. ಬೂಮು, ಹಾಯಿ, ಬಿಡಿ ಹಗ್ಗಗಳನ್ನು ಮೊದಲೇ ತೆಗೆದಿರಬೇಕು. ಕಂಬ ಬೀಳುವ ಗೆರೆಯಲ್ಲಿ, ಎಂದರೆ ದೋಣಿಯ ಹಿಂಭಾಗದಲ್ಲೂ ಅದರ ಹಿಂದಿನ ನೆಲದಲ್ಲೂ, ಯಾರೂ ಇರಬಾರದು. ನಮ್ಮೂರುಗಳಲ್ಲಿ ಹಾಯಿದೋಣಿ ಕಂಡರೆ ಊರ ಮಕ್ಕಳೆಲ್ಲ ಬಂದು ನಿಲ್ಲುತ್ತಾರೆ, ಅವರು ನಿಲ್ಲುವುದು ಸರಿಯಾಗಿ ಅಲ್ಲಿಯೇ. ಅವರನ್ನು ಮುಂದಕ್ಕೆ ಕಳುಹಿಸಲು ಒಬ್ಬರನ್ನು ನೇಮಿಸಿ.

ಒಬ್ಬನೇ ಮಾಡಬಹುದೇ ಎಂದರೆ, ಈ ಏರ್ಪಾಟಿನಲ್ಲಿ ಮಾಡಬಹುದು. ಹಗ್ಗದ ಎಳೆಯುವ ತುದಿಯನ್ನು ಮುಂತುದಿಯ ರಾಟೆಯಿಂದ ಹಿಂದಕ್ಕೆ, ಕ್ಯಾಬಿನ್ ಮೇಲಿನ ಕ್ಲೀಟಿಗೆ ತಿರುಗಿಸಿಕೊಂಡರೆ ಕಂಬದ ಪಕ್ಕದಲ್ಲೇ ನಿಂತು ಎಳೆಯಬಹುದು. ಒಂದು ಕೈ ಹಗ್ಗದಲ್ಲಿ, ಕಣ್ಣು ಟರ್ನ್‌ಬಕಲ್‌ಗಳ ಮೇಲೆ. ಆದರೆ ಮೊದಲ ಕೆಲವು ಸಲ ತಮ್ಮನನ್ನು ಜೊತೆಗಿಟ್ಟುಕೊಂಡು, ನೆಲದ ಮೇಲೆ, ತಂತಿಯಿಲ್ಲದ ಬಯಲಿನಲ್ಲಿ ಅಭ್ಯಾಸ ಮಾಡಿ. ಅದಕ್ಕೆ ನೀರು ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ನೀರಿಗಿಳಿಯುವುದಕ್ಕೆ ಮಾತ್ರ ಬೇಕು. ಬುಗುಡನಹಳ್ಳಿ ಕೆರೆ ನಗರದ ಕುಡಿಯುವ ನೀರಿನದು, ಅದನ್ನು ಮರೆತುಬಿಡಿ. ಮಾರ್ಕೋನಹಳ್ಳಿಯಲ್ಲಿ ಅನುಮತಿ ಸಿಕ್ಕಿದರೂ ಜಲಾಶಯ ತುಂಬಿದ ದಿನಗಳಲ್ಲಿ ಕಟ್ಟೆಯ ಕಡೆಗೆ ಸುಳಿಯಬೇಡಿ. ಅಲ್ಲಿನ ಸೈಫನ್‌ಗಳು ನೀರು ಮಟ್ಟ ಮೀರಿದೊಡನೆ ತಾವಾಗಿಯೇ ಎಳೆಯತೊಡಗುತ್ತವೆ, ಗೇಟು ತೆರೆಯುವ ಸೈರನ್ನಿಗೆ ಕಾಯುವುದಿಲ್ಲ.